ಒಂದು ದಿನದ ಟಿವಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಒಂದೇ ಒಂದು ದಿನದ ಮಟ್ಟಿಗೆ ಟಿವಿ ಬಂದಿತ್ತು. ಬೆಳಿಗ್ಗೆ ಬಂದು ಸಂಜೆ ಹೋಯಿತು. ಅದರಲ್ಲಿ ನಾವು ಏನನ್ನೂ ನೋಡಲಿಲ್ಲ, ಆಂಟೆನಾ ಇರಲಿಲ್ಲವಲ್ಲ. ಆದರೂ ಆ ಟಿವಿಯನ್ನು ನೆನೆಸಿಕೊಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆಂದು ಹೇಳುತ್ತೇನೆ, ಆ ಮೊಬೈಲ್ ಸ್ವಲ್ಪ ಪಕ್ಕಕ್ಕಿಟ್ಟು ಕೇಳಿ.

ನೀವು ನನ್ನನ್ನು ಚಿಕ್ಕಜ್ಜಿ ಎನ್ನುತ್ತೀರಿ. ಐವತ್ತು ತುಂಬುವ ಮೊದಲೇ ನನ್ನನ್ನು ಅಜ್ಜಿ ಮಾಡಿಬಿಟ್ಟಿರಿ, ಇರಲಿ. ನಿಮ್ಮ ಸ್ವಂತ ಅಜ್ಜಿ ನನ್ನ ಅಕ್ಕ. ಇಲ್ಲಿ ಅಕ್ಕ ಎಂದಾಗಲೆಲ್ಲ ನಿಮ್ಮ ಅಜ್ಜಿ ಎಂದೇ ತಿಳಿಯಿರಿ. ಆಗ ಅವಳಿಗೆ ಹದಿನೇಳು ವರ್ಷ, ಮೊಣಕೈವರೆಗೆ ಎರಡು ಜಡೆ. ನನಗೆ ಹನ್ನೆರಡು.

ನಾವಿದ್ದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸ್‌ಗಳ ಹಿಂಬದಿಯ ಒಂದು ಸಾಲುಮನೆಯಲ್ಲಿ. ಹತ್ತು ಮನೆಗೆ ಒಂದೇ ಉದ್ದನೆಯ ಮಾಡು, ಒಂದೇ ನಲ್ಲಿ. ಗಾಳಿ ಒಂದು ಕಡೆಯಿಂದ ಬೀಸಿದರೆ ಬಟ್ಟೆಯ ಮೇಲೆ ಕಪ್ಪು ಮಸಿ ಕೂರುತ್ತಿತ್ತು, ಇನ್ನೊಂದು ಕಡೆಯಿಂದ ಬೀಸಿದರೆ ಕಾಗದ ಮಾಡುವ ಕಡೆಯಿಂದ ಕೊಳೆತ ಎಲೆಕೋಸಿನ ವಾಸನೆ ಬರುತ್ತಿತ್ತು. ಕಾರ್ಖಾನೆಯ ಸೈರನ್ನೇ ನಮ್ಮ ಗಡಿಯಾರ. ಅಪ್ಪ ಅಲ್ಲಿ ಕಂಟ್ರಾಕ್ಟ್ ಕೂಲಿ, ಲಾರಿಗೆ ಲೋಡು ಮಾಡುವ ಕೆಲಸ. ಪರ್ಮನೆಂಟ್ ಆದವರಿಗೆ ಕ್ವಾರ್ಟರ್ಸ್ ಸಿಗುತ್ತಿತ್ತು. ಅಪ್ಪ ಹದಿನಾಲ್ಕು ವರ್ಷ ದುಡಿದರೂ ಪರ್ಮನೆಂಟ್ ಆಗಲಿಲ್ಲ.

ನಮ್ಮ ಸಾಲಿನಲ್ಲಿ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು ಅಕ್ಕ ಒಬ್ಬಳೇ. ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಪಿಯುಸಿಗೆ ಸೇರಿದಳು. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಿದ್ದಳು. ಟೀಚರ್ ಆಗಬೇಕೆಂದು ಅವಳ ಆಸೆ. ರಾತ್ರಿ ನನ್ನನ್ನೇ ಎದುರಿಗೆ ಕೂರಿಸಿಕೊಂಡು, ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದು ಪಾಠ ಹೇಳುತ್ತಿದ್ದಳು. ನಾನು ತಪ್ಪು ಹೇಳಿದರೆ ಥೇಟ್ ಟೀಚರಂತೆಯೇ ಕಿವಿ ಹಿಂಡುತ್ತಿದ್ದಳು.

ನಮ್ಮಂಥ ಜಾತಿಯ ಮಕ್ಕಳಿಗೆ ಸರ್ಕಾರ ವಿದ್ಯಾರ್ಥಿವೇತನ ಕೊಡುತ್ತಿತ್ತು, ಈಗಲೂ ಕೊಡುತ್ತದೆ. ಅದು ಯಾರೋ ಕನಿಕರಪಟ್ಟು ಕೊಡುವ ದಾನವಲ್ಲ, ಚೆನ್ನಾಗಿ ನೆನಪಿಟ್ಟುಕೊಳ್ಳಿ. ನಮ್ಮ ತಾತ, ಮುತ್ತಾತಂದಿರನ್ನು ಶಾಲೆಯ ಜಗುಲಿ ಹತ್ತಲೂ ಬಿಟ್ಟಿರಲಿಲ್ಲ. ಅದಕ್ಕಾಗಿ ಮೊಮ್ಮಕ್ಕಳಿಗೆ ಸಲ್ಲಬೇಕಾದದ್ದು ಅದು. ಅಕ್ಕನ ಫೀಸು, ಪುಸ್ತಕ, ರೈಲಿನ ಪಾಸು ಎಲ್ಲವೂ ಅದನ್ನೇ ನಂಬಿಕೊಂಡಿದ್ದವು. ಅದು ಬಂದರೆ ಅಕ್ಕ ಓದುತ್ತಾಳೆ, ಬರದಿದ್ದರೆ ಬಿಡುತ್ತಾಳೆ. ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಅರ್ಜಿಯ ಜೊತೆ ಎರಡು ಸರ್ಟಿಫಿಕೇಟ್ ಇಡಬೇಕಿತ್ತು, ಜಾತಿಯದೊಂದು, ಆದಾಯದ್ದೊಂದು. ಜಾತಿಯದಕ್ಕೆ ಅಪ್ಪ ಏಳು ಸಲ ಅಲೆದು ತಂದರು. ನಮ್ಮ ಜಾತಿ ಯಾವುದೆಂದು ಊರಿಗೆಲ್ಲ ಗೊತ್ತಿತ್ತು, ತಾಲ್ಲೂಕು ಕಚೇರಿಯೊಂದನ್ನು ಬಿಟ್ಟು. ಆದಾಯದ್ದಕ್ಕೆ ಮಾತ್ರ ಒಬ್ಬ ರೆವಿನ್ಯೂ ಇನ್ಸ್‌ಪೆಕ್ಟರು ಮನೆಗೇ ಬಂದು ನೋಡಿ ಬರೆದುಕೊಳ್ಳಬೇಕಿತ್ತು. ಅವರು ಯಾವಾಗ ಬರುತ್ತಾರೆಂದು ತಿಂಗಳುಗಟ್ಟಲೆ ಕಾದೆವು.

ಇಲ್ಲಿ ನಮ್ಮ ಸಾಲಿನ ಒಂದು ಪದ್ಧತಿಯನ್ನು ಹೇಳಬೇಕು. ಯಾರ ಮನೆಗಾದರೂ ಹೆಣ್ಣು ನೋಡಲು ಬರುತ್ತಾರೆಂದರೆ ಇಡೀ ಸಾಲಿನ ಸಾಮಾನು ಆ ಮನೆಗೆ ಹೋಗುತ್ತಿತ್ತು. ಒಬ್ಬರ ಮನೆಯ ಕುರ್ಚಿ, ಇನ್ನೊಬ್ಬರ ಮನೆಯ ಕಪ್ಪು ಸಾಸರು, ಮತ್ತೊಬ್ಬರ ಗೋಡೆ ಗಡಿಯಾರ. ಬಂದವರ ಮುಂದೆ ಒಂದು ಮನೆಯ ಮಾನ ಹೋದರೆ ಹತ್ತು ಮನೆಯ ಮಾನ ಹೋದ ಹಾಗೆ. ಬೀಗರು ಹೋದ ಮೇಲೆ ಅವರವರ ಸಾಮಾನು ಅವರವರಿಗೆ. ಇದರಲ್ಲಿ ಮೋಸವಿದೆ ಎಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ.

ಟಿವಿ ಬಂದ ದಿನಕ್ಕೆ ಒಂದು ವಾರ ಮೊದಲಷ್ಟೇ ಅದೇ ಇನ್ಸ್‌ಪೆಕ್ಟರು ಮೂಲೆಮನೆಗೆ ಬಂದು ಹೋಗಿದ್ದರು. ಚರಂಡಿಯ ಆಚೆಯೇ ನಿಂತು, ಮೂಗಿಗೆ ಕರ್ಚೀಫು ಹಿಡಿದು, ಸ್ಕೂಟರಿನ ಸೀಟಿನ ಮೇಲೆ ಪೇಪರಿಟ್ಟು ಬರೆದು ಹೊರಟುಬಿಟ್ಟಿದ್ದರು. ಮೂಲೆಮನೆಯವರು ಹಾಸಿದ್ದ ಚಾಪೆ ಹಾಸಿದಂತೆಯೇ ಇತ್ತು. ಅದನ್ನು ಅಪ್ಪ ನಲ್ಲಿಯ ಹತ್ತಿರ ನಿಂತು ನೋಡಿದ್ದರು. ಅವತ್ತು ಊಟಕ್ಕೆ ಕೂತಾಗ, “ನಮ್ಮನೇಲಿ ಅವ್ರು ಕೂತ್ಕೋಬೇಕು. ಕೂತು ಕಾಫಿ ಕುಡೀಬೇಕು” ಎಂದರು.

ಆ ದಿನ ಬೆಳಿಗ್ಗೆ ಅಕ್ಕ ರೈಲಿಗೆ ಹೋದ ಮೇಲೆ ಕಚೇರಿಯ ಜವಾನ ಬಂದು, ಸಾಹೇಬರು ಹನ್ನೊಂದಕ್ಕೆ ಬರುತ್ತಾರೆ ಎಂದು ಹೇಳಿ ಹೋದ. ಅಪ್ಪ ಕೆಲಸಕ್ಕೆ ಹೋಗಲಿಲ್ಲ. ನನಗೆ ಸ್ಕೂಲು ಚಕ್ಕರ್. ಅಮ್ಮ ನೆಲಕ್ಕೆ ಸಗಣಿ ಸಾರಿಸಿ, ಇದ್ದಿಲಿನಲ್ಲಿ ಬರೆದ ಅಕ್ಕನ ಪಾಠವನ್ನೆಲ್ಲ ಅಳಿಸಿ ಸುಣ್ಣ ಬಳಿದರು. ನಾಲ್ಕು ಕುರ್ಚಿ ಬಂದವು, ಹೂವಿನ ಚಿತ್ರವಿದ್ದ ಕಪ್ಪು ಸಾಸರು ಬಂದವು. ಎದುರಿನ ಕ್ವಾರ್ಟರ್ಸ್‌ನ ಮಾಮಾ ಟೇಬಲ್ ಫ್ಯಾನ್ ಕೊಟ್ಟರು. ಅವರದು ತಮಿಳು ಮನೆಮಾತು, ಕಾರ್ಖಾನೆಯಲ್ಲಿ ಪರ್ಮನೆಂಟ್, ಅಪ್ಪನಿಗೆ ತುಂಬ ಬೇಕಾದವರು.

ಅಷ್ಟಕ್ಕೇ ನಿಂತಿದ್ದರೆ ಏನಾಗುತ್ತಿತ್ತೋ. ಟಿವಿ ಬೇಕೆಂದವಳು ನಾನು. ಭಾನುವಾರ ಅವರ ಮನೆಯ ಬಾಗಿಲಲ್ಲಿ ಕೂತು ಟಿವಿ ನೋಡುವಾಗ ಅವರ ಹುಡುಗರು ನಮ್ಮನ್ನು ಹಿಂದೆ ಹಿಂದೆ ತಳ್ಳುತ್ತಿದ್ದರು. ಒಂದು ದಿನವಾದರೂ ಅದು ನಮ್ಮ ಮನೆಯಲ್ಲಿರಲಿ ಎಂದು ನನಗೆ ಆಸೆ. ಫ್ಯಾನ್ ತರಲು ಹೋದವಳು ಮಾಮಾನ ಕೈ ಹಿಡಿದು ಗೋಗರೆದೆ. ಅವರು ನಕ್ಕು, ತಗೊಂಡು ಹೋಗಮ್ಮ, ನಾನು ಹೇಗೂ ಸೆಕೆಂಡ್ ಶಿಫ್ಟು ಎಂದರು. ಅಪ್ಪ ಬೇಡವೆನ್ನಬಹುದಿತ್ತು. ಒಂದು ಗಳಿಗೆ ಯೋಚಿಸಿ, ಅವರೂ ಮಾಮಾನೂ ದುಪ್ಪಟಿಯಲ್ಲಿ ಸುತ್ತಿ ಅದನ್ನು ಹೊತ್ತು ತಂದರು.

ಇನ್ಸ್‌ಪೆಕ್ಟರು ಬಂದರು. ಚರಂಡಿ ದಾಟಿದರು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದು ಕುರ್ಚಿಯ ಮೇಲೆ ಕೂತೇಬಿಟ್ಟರು. ಅಪ್ಪನ ಮುಖದಲ್ಲಿ ಅಂಥ ಬೆಳಕನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಫ್ಯಾನಿನ ಗಾಳಿಗೆ ಹಸಿ ಸುಣ್ಣದ ವಾಸನೆ ಮನೆ ತುಂಬ ತಿರುಗುತ್ತಿತ್ತು. ಅವರು ಸುತ್ತ ನೋಡಿದರು. ಅಪ್ಪನ ಸಂಬಳದ ಚೀಟಿ ನೋಡಿದರು. ಮತ್ತೆ ಸುತ್ತ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ನಗುತ್ತಾ ಕೇಳಿದರು.

“ಟಿವಿ ನಿಮ್ದೇನಮ್ಮಾ ಪುಟ್ಟಿ?”

“ಹೌದು ಸಾರ್, ನಮ್ದೇ. ಮುಂದಿನ ವರ್ಷ ಕಲರ್ ತರ್ತಾರೆ ಅಪ್ಪ” ಎಂದೆ.

ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಬಾಗಿಲ ಹೊರಗೆ ನಿಂತು ಇಣುಕುತ್ತಿದ್ದ ಮಾಮಾನ ಹುಡುಗರಿಗೆ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದ್ದೆ. ಅಪ್ಪ ನೆಲ ನೋಡುತ್ತ ನಿಂತಿದ್ದರು. ಇನ್ಸ್‌ಪೆಕ್ಟರು ತಲೆಯಾಡಿಸಿ ಬರೆದುಕೊಂಡರು. ಅಷ್ಟರಲ್ಲಿ ಅಮ್ಮ ಕಾಫಿ ತಂದಿಟ್ಟರು. ಅವರು ಕಪ್ಪಿನ ಕಡೆ ನೋಡಿ, ಈಗ ತಾನೇ ಕುಡಿದು ಬಂದೆ ಎಂದು ಎದ್ದು ಹೊರಟರು. ಕೂತರು, ಆದರೆ ಕುಡಿಯಲಿಲ್ಲ. ಆ ಕಾಫಿಯನ್ನು ಆಮೇಲೆ ನಾನು ಕುಡಿದೆ. ಗಟ್ಟಿ ಹಾಲು, ಎರಡು ಚಮಚ ಸಕ್ಕರೆ, ಕೆನೆ ಕಟ್ಟಿ ಆರಿಹೋಗಿತ್ತು. ಬಹಳ ರುಚಿಯಾಗಿತ್ತು ಎಂದು ಹೇಳಲು ನನಗೆ ಈಗ ನಾಚಿಕೆ.

ಸಂಜೆ ಅಕ್ಕ ಬಂದಾಗ ಅಪ್ಪ ಟಿವಿ ವಾಪಸು ಹೊರುತ್ತಿದ್ದರು. ಏನಾಯಿತೆಂದು ನಾನೇ ಕುಣಿಯುತ್ತ ಹೇಳಿದೆ. ಅಕ್ಕ ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕೂತಳು.

“ಅಪ್ಪಾ, ಅವ್ರು ಬಂದಿದ್ದೇ ನಾವು ಬಡವರು ಹೌದೋ ಅಲ್ವೋ ಅಂತ ನೋಡೋಕೆ.”

ಅಪ್ಪ ಟಿವಿಯನ್ನು ನಿಧಾನವಾಗಿ ಕೆಳಗಿಟ್ಟರು. “ಗೊತ್ತು ಕಣವ್ವ. ಸಂಬಳದ ಚೀಟಿ ಇದ್ಯಲ್ಲ, ಅದು ಸಾಕು ಅಂದ್ಕೊಂಡೆ. ಮೂಲೆಮನೆಯೋರ ಥರ ನಮ್ಮನ್ನೂ ಹೊರಗೇ ನಿಲ್ಲಿಸ್ಕೊಂಡು ಬರ್ಕೊಂಡು ಹೋಗ್ಬಾರ್ದು ಅಂತ ಅಷ್ಟೇ.”

ಸಂಬಳದ ಚೀಟಿ ಸಾಕಾಗಲಿಲ್ಲ. ಟಿವಿ ಇದೆ, ಫ್ಯಾನ್ ಇದೆ, ನಾಲ್ಕು ಕುರ್ಚಿ ಇದೆ, ಸ್ಥಿತಿವಂತರು ಎಂದು ವರದಿಯಾಗಿತ್ತು. ಆದಾಯ ಮಿತಿಗಿಂತ ಹೆಚ್ಚು ಎಂದು ಬರೆದ ಸರ್ಟಿಫಿಕೇಟ್ ಬಂತು. ಅಪ್ಪ, ಅಕ್ಕ, ನಾನು ಮೂವರೂ ಕಚೇರಿಗೆ ಹೋದೆವು. ಟಿವಿ ನಮ್ಮದಲ್ಲ ಎಂದು ಅಪ್ಪ ಹೇಳಿದಾಗ ಗುಮಾಸ್ತರು, ಎಲ್ಲರೂ ಹೀಗೇ ಹೇಳುವುದು ಎಂದರು. ಮಾಮಾ ತಮ್ಮ ವಾರದ ರಜೆ ಹಾಳು ಮಾಡಿಕೊಂಡು ಟಿವಿ ಕೊಂಡ ಅಂಗಡಿಯ ರಸೀದಿ ತಂದು ತೋರಿಸಿದರು. ನಿಮ್ಮ ಟಿವಿ ಅವರ ಮನೆಯಲ್ಲಿ ಯಾಕಿತ್ತು ಎಂದು ಕೇಳಿದರೆ ಅವರು ತಾನೇ ಏನು ಹೇಳಿಯಾರು? ಹೆಣ್ಣು ನೋಡಲು ಬರುವಾಗ ನಾವು ಹೀಗೆ ಮಾಡುತ್ತೇವೆ ಎಂದು ಅಪ್ಪ ವಿವರಿಸಿದರು. ಅಲ್ಲಿದ್ದವರೆಲ್ಲ ನಕ್ಕರು. ನಿಮ್ಮ ಮಗಳೇ ನಮ್ಮದು ಅಂದಳಂತಲ್ಲ ಎಂದು ಗುಮಾಸ್ತರು ನನ್ನ ಕಡೆ ಪೆನ್ನು ತೋರಿಸಿದರು. ನಾನು ಅಕ್ಕನ ಲಂಗದ ಹಿಂದೆ ಸರಿದೆ. ಅಲ್ಲ ಸಾರ್, ಸುಳ್ಳು ಹೇಳಿದ್ದೆ ಎಂಬ ನಾಲ್ಕು ಮಾತು ನಾನು ಆಡಲೇ ಇಲ್ಲ.

ಮತ್ತೆ ಅರ್ಜಿ ಕೊಟ್ಟೆವು. ಮತ್ತೆ ಬಂದು ನೋಡಬೇಕಾದ ಇನ್ಸ್‌ಪೆಕ್ಟರು ರಜೆ ಹಾಕಿದ್ದರು. ಅವರು ಬರುವಷ್ಟರಲ್ಲಿ ಕೊನೆಯ ದಿನ ಮುಗಿದಿತ್ತು. ಕಾಲೇಜಿನ ಬೋರ್ಡಿನಲ್ಲಿ ಹಾಕಿದ ಪಟ್ಟಿಯಲ್ಲಿ ಅಕ್ಕನ ಹೆಸರಿರಲಿಲ್ಲ. ದೀಪಾವಳಿಯ ಹೊತ್ತಿಗೆ ಅವಳು ಕಾಲೇಜು ಬಿಟ್ಟಳು. ಶಿವಮೊಗ್ಗದ ಕೋಟೆ ಕಡೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅದೇ ರೈಲು, ಅದೇ ಹೊತ್ತು, ಅದೇ ಗೆಳತಿಯರು ಎದುರು ಸೀಟಿನಲ್ಲಿ. ಸ್ಟೇಷನ್ನಿನಲ್ಲಿ ಇಳಿದ ಮೇಲೆ ಅವರು ಒಂದು ದಾರಿ, ಅಕ್ಕ ಒಂದು ದಾರಿ. ಎರಡು ವರ್ಷ ಹಾಗೆ ಓಡಾಡಿ, ಆಮೇಲೆ ಮದುವೆಯಾದಳು.

ಐದು ವರ್ಷದ ಮೇಲೆ ನನ್ನ ಸರದಿ ಬಂತು. ಈ ಸಲ ಅಮ್ಮ ಇದ್ದ ಒಂದು ಸ್ಟೂಲನ್ನೂ ಪಕ್ಕದ ಮನೆಗೆ ಸಾಗಿಸಿದರು. ಕಂಚಿನ ಚೊಂಬನ್ನು ಅಟ್ಟಕ್ಕೆ ಹಾಕಿದರು. ಖಾಲಿ ಮನೆಯಲ್ಲಿ ಬರೀ ನೆಲದ ಮೇಲೆ ಮೂರು ದಿನ ಕಾದೆವು. ಯಾರೂ ಬರಲಿಲ್ಲ. ಹೊಸ ಇನ್ಸ್‌ಪೆಕ್ಟರು ಕಚೇರಿಯಲ್ಲಿ ಕೂತಲ್ಲೇ ಸಂಬಳದ ಚೀಟಿ ನೋಡಿ ಒಂದು ನಿಮಿಷದಲ್ಲಿ ಸಹಿ ಹಾಕಿದರಂತೆ. ಅಪ್ಪ ಆ ಸರ್ಟಿಫಿಕೇಟ್ ಹಿಡಿದುಕೊಂಡು ಮನೆಗೆ ಬಂದು, ಗೋಡೆಗೆ ಮುಖ ಮಾಡಿ ಬಹಳ ಹೊತ್ತು ಮಲಗಿದ್ದರು. ನಾನು ಓದಿದೆ. ಟೀಚರ್ ಆದೆ. ಅಕ್ಕ ಇವತ್ತಿನವರೆಗೂ ನನ್ನನ್ನು ಒಂದು ಮಾತು ಅಂದಿಲ್ಲ. ಅಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ನಿಮ್ಮ ಕಾಲ ಬೇರೆ ಬಿಡಿ. ಮನೆ ನೋಡಲು ಯಾರೂ ಬರುವುದಿಲ್ಲ, ಮನೆಯಲ್ಲಿ ಗೋಡೆಯಗಲದ ಟಿವಿ ಇದ್ದರೂ ಯಾರೂ ಲೆಕ್ಕಕ್ಕಿಡುವುದಿಲ್ಲ. ಸರ್ಟಿಫಿಕೇಟ್ ಮೊಬೈಲಿಗೇ ಬರುತ್ತದೆ. ಆದರೂ ಸರ್ವರ್ ಇಲ್ಲ, ಓಟಿಪಿ ಬರಲಿಲ್ಲ, ಆಧಾರಿನ ಹೆಸರಿಗೂ ಶಾಲೆಯ ಹೆಸರಿಗೂ ತಾಳೆಯಾಗಲಿಲ್ಲ ಎಂದು ನನ್ನ ಶಾಲೆಯ ಮಕ್ಕಳು ಈಗಲೂ ಅಳುತ್ತಾರೆ. ಕಚೇರಿ ಜೇಬಿಗೆ ಬಂತು, ಬುದ್ಧಿ ಮಾತ್ರ ಹಾಗೇ ಉಳಿಯಿತು ಎಂದು ದಿನಾ ಬೈದುಕೊಂಡೇ ಅವರ ಅರ್ಜಿ ತುಂಬುತ್ತೇನೆ.

ಅದೆಲ್ಲ ಇರಲಿ. ಮೊನ್ನೆ ನಿನ್ನ ಅರ್ಜಿ ತುಂಬುವಾಗ, ದೊಡ್ಡವಳೇ, ನೀನು ಮೆಲ್ಲಗೆ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದೆ. ನನಗೆ ಸ್ಕಾಲರ್‌ಶಿಪ್ ಬರುತ್ತೆ ಅಂತ ನನ್ನ ಫ್ರೆಂಡ್ಸಿಗೆ ಹೇಳ್ಬೇಡ ಚಿಕ್ಕಜ್ಜಿ ಎಂದೆ. ನಿನ್ನ ಬೆನ್ನ ಹಿಂದೆಯೇ ಕೂತು ಬಟ್ಟೆ ಮಡಚುತ್ತಿದ್ದ ನಿನ್ನ ಅಜ್ಜಿಗೆ ಅದು ಕೇಳಿಸಿತು. ಅವಳ ಕೈ ಒಂದು ಕ್ಷಣ ನಿಂತದ್ದನ್ನು ನಾನು ನೋಡಿದೆ, ನೀನು ನೋಡಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳದ ಈ ಕತೆಯನ್ನು ಅದಕ್ಕೇ ಇವತ್ತು ನಿನಗೆ ಹೇಳಿದೆ. ನಿನ್ನ ಫ್ರೆಂಡ್ಸಿಗೆ ನಾನು ಹೇಳುವುದಿಲ್ಲ ಮಗಳೇ, ನೀನೇ ಹೇಳು. ಇಲ್ಲದ್ದನ್ನು ಇದೆ ಅಂತ ನಾಲ್ಕು ಜನರ ಮುಂದೆ ಒಂದು ಸಲ ಹೇಳಿದವಳು ನಾನು, ಓದು ಬಿಟ್ಟವಳು ನಿನ್ನ ಅಜ್ಜಿ.