ಬ್ಯಾಟರಿ ಇಲ್ಲದ ಸ್ಕೂಟರಿನ ಹಾರನ್

ಸತ್ತವರು ಸುತ್ತಮುತ್ತ ಸುಳಿದಾಡುತ್ತಾರೆ ಎಂಬಂಥ ಮಾತು ಬಂದರೆ ನಾನು ಎದ್ದು ಒಳಗೆ ಹೋಗುವವಳು. ತಮ್ಮ ತೀರಿಕೊಂಡಾಗ ಬಂದವರೆಲ್ಲ ಕನಸಿನಲ್ಲಿ ಕಂಡನೇ, ಕಾಗೆ ಪಿಂಡ ಮುಟ್ಟಿತೇ ಎಂದು ಕೇಳಿದರೆ ನನಗೆ ಸಿಟ್ಟೇ ಬರುತ್ತಿತ್ತು. ಈಗ ಬರೆಯುತ್ತಿರುವುದನ್ನು ನೀವು ನಂಬಬೇಕೆಂದು ನಾನು ಕೇಳುವುದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ತಮ್ಮ ಸತೀಶ ದಿನಾ ಬೆಳಿಗ್ಗೆ ಕೃಷ್ಣರಾಜ ಮಾರುಕಟ್ಟೆಯಿಂದ ಹೂ ತಂದು ಚಾಮರಾಜಪೇಟೆ, ಗವಿಪುರಂ, ಬಸವನಗುಡಿಯ ಮನೆಗಳಿಗೆ ತಿಂಗಳ ಲೆಕ್ಕದ ವರ್ತನೆಗೆ ಹಾಕುತ್ತಿದ್ದ. ಅದಕ್ಕೆಂದೇ ಎಲೆಕ್ಟ್ರಿಕ್ ಸ್ಕೂಟರ್ ಕೊಂಡಿದ್ದ. ಕಾಲಿಡುವ ಜಾಗದಲ್ಲಿ ಒಂದು ಮೂಟೆ, ಹಿಂದಿನ ಸೀಟಿನ ಮೇಲೆ ಇನ್ನೊಂದು. ಹಾಗೆ ಹೊರೆ ಹೇರಿಕೊಂಡು ಏರು ಹತ್ತುವಾಗ ಗಾಡಿ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ದೀಪ, ಮೋಟಾರು ಎಲ್ಲ ಒಟ್ಟಿಗೆ ಆರಿಹೋಗುತ್ತಿದ್ದವು. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು.

ಸರ್ವಿಸ್ ಸೆಂಟರಿಗೆ ಅವನು ಎಷ್ಟು ಸಲ ಹೋದನೋ. ಅವರ ಪರೀಕ್ಷೆಯೆಂದರೆ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಹಿಂದಿನ ಚಕ್ರವನ್ನು ಗಾಳಿಯಲ್ಲಿ ತಿರುಗಿಸುವುದು, ಲ್ಯಾಪ್‌ಟಾಪ್ ಸಿಕ್ಕಿಸಿ ಎರರ್ ಬಂತೇ ಎಂದು ನೋಡುವುದು. ಬರದಿದ್ದರೆ ದೋಷವಿಲ್ಲ, ಮನೆಗೆ ಹೋಗಬಹುದು. ಹೊರೆ ಹಾಕಿ ಓಡಿಸಿ ನೋಡಿ ಎಂದು ಅವನು ಕೇಳಿಕೊಂಡ. ‘ಗುರು, ಗಾಡಿಗಲ್ಲ, ನಿನ್ನ ಕೈಗೆ ಸರ್ವಿಸ್ ಮಾಡಿಸ್ಬೇಕು’ ಎಂದು ಮೆಕ್ಯಾನಿಕ್ ತಮಾಷೆ ಮಾಡಿದನಂತೆ. ಸತೀಶ ಅದನ್ನು ಮನೆಗೆ ಬಂದು ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ.

ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೂವಿನ ಹೊರೆ ಜಾಸ್ತಿಯೇ ಇತ್ತು. ಏರಿನಲ್ಲಿ ಹಿಂದಿನಿಂದ ಬಂದ ಟೆಂಪೊ ಅವನಿಗೆ ಗುದ್ದಿತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ನಡುರಸ್ತೆಯಲ್ಲಿ ಅವನೇ ಬ್ರೇಕ್ ಹಾಕಿದ ಎಂದು ಟೆಂಪೊದವನು ಹೇಳಿದ್ದನ್ನು ಎಲ್ಲರೂ ಒಪ್ಪಿಕೊಂಡರು. ಮೂಟೆ ಹೊತ್ತು ಏರು ಹತ್ತುವವನು ಯಾಕೆ ಬ್ರೇಕ್ ಹಾಕುತ್ತಾನೆ ಎಂದು ಒಬ್ಬರೂ ಕೇಳಲಿಲ್ಲ.

ಪೊಲೀಸರು ಗಾಡಿ ಬಿಟ್ಟುಕೊಟ್ಟ ಮೇಲೆ ಅದನ್ನು ಗೂಡ್ಸ್ ಆಟೊದಲ್ಲಿ ಅದೇ ಸರ್ವಿಸ್ ಸೆಂಟರಿಗೆ ಸಾಗಿಸಿದೆ. ಹಿಂದಿನ ಕವಚ ನಜ್ಜುಗುಜ್ಜಾಗಿತ್ತು, ಚಕ್ರ, ಮೋಟಾರು ಎಲ್ಲ ಸರಿಯಿದ್ದವು. ಈ ಗಾಡಿ ತಾನಾಗಿ ನಿಲ್ಲುತ್ತದೆ ಎಂದು ಅವರು ಬರೆದುಕೊಡಬೇಕು, ಸತೀಶನ ಮೇಲಿನ ತಪ್ಪು ಇಳಿಯಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಮರುದಿನ ಮಧ್ಯಾಹ್ನ ಹೋದೆ. ಹಿಂದಿನ ಸಂಜೆಯೇ ಪರೀಕ್ಷೆ ಮುಗಿಸಿ, ಬ್ಯಾಟರಿ ಕಳಚಿ ಮೇಜಿನ ಮೇಲೆ ಇಟ್ಟಿದ್ದರು. ಸೀಟನ್ನು ಮೇಲೆತ್ತಿದ್ದರು, ಬ್ಯಾಟರಿಯ ಜಾಗ ಖಾಲಿಯಿತ್ತು.

‘ಒಂದೂ ಎರರ್ ಇಲ್ಲ ಮೇಡಂ. ನಿಮ್ಮ ತಮ್ಮನೇ ಸಡನ್ನಾಗಿ ಬ್ರೇಕ್ ಹಾಕಿರ್ಬೇಕು’ ಎಂದರು ಸೂಪರ್‌ವೈಸರ್.

‘ಸ್ಟ್ಯಾಂಡ್ ಮೇಲೆ ಓಡತ್ತೆ ಸರ್. ಅವನು ಸ್ಟ್ಯಾಂಡ್ ಹಾಕ್ಕೊಂಡು ಮಾರ್ಕೆಟ್‌ಗೆ ಹೋಗ್ತಿರ್ಲಿಲ್ಲ’ ಎಂದೆ.

ಅವರು ಬಾಯಿ ತೆರೆಯುವಷ್ಟರಲ್ಲಿ ಸತೀಶನ ಗಾಡಿಯ ಹಾರನ್ ಕೂಗಿತು. ಎರಡು ಸಲ ಚುಟುಕಾಗಿ, ಆಮೇಲೊಂದು ಉದ್ದಕ್ಕೆ. ಮೂಟೆ ಇಳಿಸಿಕೊಳ್ಳಲು ಬಾ ಎಂದು ನಮ್ಮ ಗೇಟಿನ ಮುಂದೆ ಅವನು ನನ್ನನ್ನು ಕರೆಯುತ್ತಿದ್ದದ್ದು ಹಾಗೆಯೇ. ಗಾಡಿಯ ಹತ್ತಿರ ಯಾರೂ ಇರಲಿಲ್ಲ.

‘ಯಾವನೋ ಅದು ಒತ್ತಿದ್ದು?’ ಎಂದು ಸೂಪರ್‌ವೈಸರ್ ಗದರಿದರು. ಸತೀಶನಿಗೆ ತಮಾಷೆ ಮಾಡಿದ್ದ ಮೆಕ್ಯಾನಿಕ್ಕೇ ಬಂದು ಮುಂದಿನ ಕವಚ ಬಿಚ್ಚಿ ಹಾರನ್ನಿನ ವೈರಿಗೆ ಮೀಟರ್ ಹಿಡಿದ. ಸೊನ್ನೆ. ಅವನು ಅದನ್ನು ನಮಗೆ ತೋರಿಸುತ್ತಿರುವಾಗಲೇ ಇನ್ನೊಮ್ಮೆ ಕೂಗಿತು, ಅದೇ ರೀತಿ. ಅವನು ಮೀಟರ್ ಕೆಳಗಿಟ್ಟು ಹಿಂದೆ ಸರಿದ. ಎಲ್ಲೋ ಕರೆಂಟ್ ಉಳಿದಿರಬೇಕು ಎಂದ ಒಬ್ಬ. ಬ್ಯಾಟರಿ ತೆಗೆದು ರಾತ್ರಿಯೆಲ್ಲ ಕಳೆದ ಮೇಲೆ ಎಲ್ಲಿ ಉಳಿಯುತ್ತೆ, ಈ ಗಾಡಿಯ ಹಾರನ್‌ಗೆ ಬೇರೆ ಬ್ಯಾಟರಿಯೂ ಇಲ್ಲವಲ್ಲ ಎಂದ ಇನ್ನೊಬ್ಬ.

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಇವತ್ತಿಗೂ ಮೈಯುರಿಯುತ್ತದೆ. ಇದ್ದ ಕೆಲಸವನ್ನೆಲ್ಲ ಬಿಟ್ಟು ಎಲ್ಲರೂ ಆ ಗಾಡಿಯ ಸುತ್ತ ಕೂತರು. ಒಂದೊಂದೇ ವೈರ್ ಬಿಡಿಸಿದರು, ಕನೆಕ್ಟರ್ ಎಳೆದು ನೋಡಿದರು, ಫೋಟೊ ತೆಗೆದು ಯಾರಿಗೋ ಕಳಿಸಿದರು, ದೊಡ್ಡ ಎಂಜಿನಿಯರಿಗೆ ಫೋನ್ ಮಾಡಿದರು. ಬಿಸಿಲು ಇಳಿಯುವವರೆಗೂ ಹುಡುಕಿದರು. ಮತ್ತೆ ಅದು ಕೂಗಲಿಲ್ಲ. ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ನೋಡುತ್ತಿದ್ದೆ. ಬದುಕಿದ್ದವನು ಬಂದು ಕೈಮುಗಿದಾಗ ಈ ಗಾಡಿಯ ಒಂದು ಸ್ಕ್ರೂ ಕೂಡ ಇವರು ಬಿಚ್ಚಿರಲಿಲ್ಲ.

ಆ ಹಾರನ್ ಹೇಗೆ ಕೂಗಿತೆಂದು ನನಗೆ ಗೊತ್ತಿಲ್ಲ. ತಿಳಿದವರನ್ನು ಕೇಳಿದ್ದೇನೆ, ಒಬ್ಬೊಬ್ಬರದು ಒಂದೊಂದು ಮಾತು, ಯಾವುದೂ ಕೂಡಿಬರುವುದಿಲ್ಲ. ಅವನೇ ಕರೆದನೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ, ಅಲ್ಲವೆನ್ನಲೂ ಬರುವುದಿಲ್ಲ.

ನಾನು ಹೊರಡುವಾಗ ಸೂಪರ್‌ವೈಸರ್ ಬಾಗಿಲವರೆಗೂ ಬಂದರು. ದನಿ ಮೆತ್ತಗಾಗಿತ್ತು. ‘ಗಾಡಿ ಇನ್ನೊಂದು ವಾರ ಬಿಟ್ಟಿರಿ ಮೇಡಂ. ಹಾರನ್‌ಗೆ ಏನಾಗಿದೆ ಅಂತ ಪೂರ್ತಿ ಚೆಕ್ ಮಾಡ್ತೀವಿ.’

‘ಹಾರನ್‌ಗೆ ಏನೂ ಆಗಿಲ್ಲ ಸರ್’ ಎಂದೆ. ‘ನಿಂತಿದ್ದು ಮೋಟಾರು.’