ವಾಸನೆ ಇಲ್ಲ

ಹೋದ ವಾರ ಸತ್ಯಮಂಗಲದಲ್ಲಿ ಊರ ಕಡೆಯ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಕಾಲೇಜು ಹುಡುಗನ ಬಾಯಿಂದ ಲವಂಗದ ವಾಸನೆ ಬಂತು. ನನ್ನ ಮೂಗು ತಾನಾಗಿಯೇ ಎರಡು ಸಲ ಉಸಿರೆಳೆದು, ‘ಇವನು ಏನನ್ನೋ ಮುಚ್ಚಿಡುತ್ತಿದ್ದಾನೆ’ ಎಂದು ವರದಿ ಒಪ್ಪಿಸಿತು. ಇಷ್ಟು ವರ್ಷ ಕಳೆದರೂ ಈ ಮೂಗಿಗೆ ನಿವೃತ್ತಿಯಾಗಿಲ್ಲ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಒಂದು ಕಾಲದಲ್ಲಿ ನಾನು ಬಾಯಿ ಮೂಸುವ ಹುದ್ದೆಯಲ್ಲಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ದೊಡ್ಡಗಾಜನೂರಿನಿಂದ ನಾನು, ಗುಮಟಾಪುರದಿಂದ ಮಾದೇವ, ಇಬ್ಬರೂ ಘಟ್ಟದ ಕೆಳಗಿನ ಒಂದು ಕಾಲೇಜಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯವರು. ಯಾರೋ ಕುಡಿದು ಬಂದು ನೀರಿನ ತೊಟ್ಟಿಯಲ್ಲಿ ಮಲಗಿದ್ದರಂತೆ. ‘ಅಂತೆ’ ಎನ್ನುವುದೇಕೆಂದರೆ ಅದು ನನ್ನ ದಿನಚರಿಯಲ್ಲಿಲ್ಲ, ನೆನಪಿನಲ್ಲಿ ಮಾತ್ರ ಇದೆ. ನನ್ನ ನೆನಪು ಮಾತು ಬೆಳೆಸುವ ಜಾತಿಯದು. ಅಂತೂ ವಾರ್ಡನ್ ಒಂದು ದುಶ್ಚಟ ನಿವಾರಣಾ ಸಮಿತಿ ಮಾಡಿದರು. ಮೆಸ್ಸಿನ ಸಾಂಬಾರಿಗೆ ಸೀಮೆಎಣ್ಣೆ ಬಿದ್ದದ್ದನ್ನು ಹಿಂದೊಮ್ಮೆ ಪತ್ತೆಹಚ್ಚಿದವನು ನಾನಾದ್ದರಿಂದ ಕಾರ್ಯದರ್ಶಿ ಪಟ್ಟವೂ ನನಗೇ ಬಂತು.

ಸಂಜೆ ಊಟಕ್ಕೆ ಮುಂಚೆ ಎಲ್ಲರೂ ಸಾಲಾಗಿ ಬಂದು ನನ್ನ ಮೂಗಿಗೆ ಊದಬೇಕು. ನಾನು ರಿಜಿಸ್ಟರಿನಲ್ಲಿ ಹೆಸರಿನ ಮುಂದೆ ‘ವಾಸನೆ ಇದೆ’ ಅಥವಾ ‘ವಾಸನೆ ಇಲ್ಲ’ ಎಂದು ಬರೆಯಬೇಕು. ಹಾಗೆ ಸಿಕ್ಕಿಬಿದ್ದವರು ಹಸಿ ಈರುಳ್ಳಿ ತಿಂದವರು, ಹಲ್ಲುನೋವಿಗೆ ಲವಂಗದ ಎಣ್ಣೆ ಹಚ್ಚಿಕೊಂಡವರು, ಒಂದು ದಿನ ಅಡಿಗೆಯವರೇ. ನಿಜವಾಗಿ ಕುಡಿಯುವವರು ಹುಣಸೆ ಚಿಗುರು ಅಗಿದು ಬಂದು ಹೂವಿನ ಹಾಗೆ ಊದಿ ಹೋಗುತ್ತಿದ್ದರು. ನನಗೆ ನೆಗಡಿಯಾದ ವಾರವಂತೂ ಇಡೀ ಹಾಸ್ಟೆಲ್ ನಿರ್ವ್ಯಸನಿ.

ಈ ಪರೀಕ್ಷೆಯಲ್ಲಿ ಒಮ್ಮೆಯೂ ಎಡವದವನೆಂದರೆ ಮಾದೇವ. ಸ್ವಾತಂತ್ರ್ಯ ದಿನದ ಸಭೆಯಲ್ಲಿ ಅವನಿಗೆ ಶುದ್ಧ ಉಸಿರಿಗಾಗಿ ಒಂದು ಸ್ಟೀಲ್ ಲೋಟ ಬಹುಮಾನ ಕೊಟ್ಟರು. ಆ ಲೋಟದ ನೀರಿನಲ್ಲೇ ಅವನು ದಿನಾ ನಿದ್ದೆ ಮಾತ್ರೆ ನುಂಗುತ್ತಿದ್ದ. ಮಾತ್ರೆಗೆ ವಾಸನೆ ಎಲ್ಲಿಂದ ಬರಬೇಕು? ಅವನು ಸೊರಗಿದ್ದು, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಳ್ಳುತ್ತಿದ್ದದ್ದು, ಮಾತು ಅರ್ಧಕ್ಕೆ ನಿಲ್ಲಿಸಿ ಗೋಡೆ ನೋಡುತ್ತಿದ್ದದ್ದು ಎಲ್ಲ ನನ್ನ ಕಣ್ಣೆದುರಿಗೇ ಆಯಿತು. ಆದರೆ ನನ್ನ ಇಲಾಖೆ ಮೂಗಿನದು, ಕಣ್ಣಿನದಲ್ಲ. ಗೆಳೆಯ ಕೈತಪ್ಪಿ ಹೋಗುತ್ತಿದ್ದ. ನಾನು ದುಂಡಗಿನ ಅಕ್ಷರದಲ್ಲಿ ದಿನಾ ‘ವಾಸನೆ ಇಲ್ಲ’ ಎಂದು ಬರೆಯುತ್ತಿದ್ದೆ.

ದೀಪಾವಳಿಗೆ ಇಬ್ಬರೂ ಘಟ್ಟ ಹತ್ತಿದೆವು. ಘಟ್ಟದ ತುದಿಯ ದಿಂಬಂನಲ್ಲಿ ಚಾ ಕುಡಿಯುವಾಗ ಅವನು ಅರ್ಧ ಗ್ಲಾಸು ಅಂಗಿಯ ಮೇಲೆ ಚೆಲ್ಲಿಕೊಂಡ. ಚಳಿ ಎಂದ. ನಾನೂ ಚಳಿ ಎಂದೇ ತಿಳಿದೆ.

ಹಬ್ಬ ಮುಗಿದ ಮೇಲೆ ಗುಮಟಾಪುರದ ಬೀರೇಶ್ವರನ ಗುಡಿ ಹಿಂದೆ ಊರಿನ ಸಗಣಿಯನ್ನೆಲ್ಲ ರಾಶಿ ಹಾಕಿ, ಗಂಡಸರು ಬರೀ ಮೈಯಲ್ಲಿ ಇಳಿದು ಒಬ್ಬರ ಮೇಲೊಬ್ಬರು ಉಂಡೆ ಮಾಡಿ ಎಸೆಯುತ್ತಾರೆ. ವರ್ಷದ ಮುನಿಸೆಲ್ಲ ಅಲ್ಲೇ ತೀರಬೇಕೆಂದು ನಮ್ಮ ಕಡೆಯ ಮಾತು. ಬಿ.ಎಸ್ಸಿ. ಓದುವ ನಾನು ಸ್ವಲ್ಪ ಬಿಗುಮಾನದಿಂದಲೇ ಇಳಿದೆ. ಮೊದಲ ಉಂಡೆ ಕಿವಿಗೆ ಬಿದ್ದ ಮೇಲೆ ಬಿಗುಮಾನ ಉಳಿಯಲಿಲ್ಲ, ಮೂಗೂ ಉಳಿಯಲಿಲ್ಲ. ಅಲ್ಲಿ ಎಲ್ಲರದೂ ಒಂದೇ ವಾಸನೆ. ಕಾರ್ಯದರ್ಶಿಗೆ ಕೆಲಸವೇ ಇಲ್ಲ.

ಮಾದೇವ ರಾಶಿಯ ನಡುವೆ ಸುಮ್ಮನೆ ಕೂತುಬಿಟ್ಟಿದ್ದ. ಉಂಡೆಗಳು ತಲೆಗೆ, ಬೆನ್ನಿಗೆ ಬೀಳುತ್ತಿದ್ದವು. ಅವನು ಒಂದನ್ನೂ ತಿರುಗಿ ಎಸೆಯಲಿಲ್ಲ. ನಾನೂ ಒಂದೆರಡು ಹೊಡೆದೆ. ಇದು ದಿನಚರಿಯಲ್ಲಿದೆ, ತಪ್ಪಿಸಿಕೊಳ್ಳುವಂತಿಲ್ಲ. ಎಪ್ಪತ್ತು ದಾಟಿದ ಅವನ ತಾತ ದೊಡ್ಡ ಉಂಡೆಯೊಂದನ್ನು ಎತ್ತಿದವರು, ಮೊಮ್ಮಗನ ಮುಖ ನೋಡಿ ಅದನ್ನು ಕೆಳಗೆ ಬಿಟ್ಟರು. ಕೈ ಅಡ್ಡ ಹಿಡಿದು ಎಲ್ಲರನ್ನೂ ನಿಲ್ಲಿಸಿ, ಸಗಣಿಯಲ್ಲೇ ಅವನ ಪಕ್ಕ ಕೂತರು.

“ಯಾಕ್ಲಾ ತಿರ್‍ಗಿಸಿ ಎಸೀನಿಲ್ಲ? ಒಡಿಸ್ಕಂಡು ಸುಮ್ಕೆ ಕುಂತವ್ನ ಒಳಗೆ ಏನೋ ಅದೆ ಕಣ್ಲಾ. ನಿದ್ದೆ ಬತ್ತದಾ?”

“ಇಲ್ಲ ತಾತ. ಪುಸ್ತಕ ತಗುದ್ರೆ ಎದೆ ಒಡ್ಕತದೆ. ಗುಳಿಗೆ ನುಂಗ್ತೀನಿ. ಈಗ ಒಂದು ಸಾಲಾಕಿಲ್ಲ.”

“ಯಾರ್‍ಗೂ ಏಳ್ನಿಲ್ವಾ?”

“ಯಾರೂ ಕೇಳ್ನಿಲ್ಲ.”

ಹಾಗೆಂದವನು ಅತ್ತ. ಮುಖದ ಸಗಣಿಯಲ್ಲಿ ಎರಡು ಗೆರೆ ಮೂಡಿದವು. ನಾನು ಕೈಯಲ್ಲಿ ಉಂಡೆ ಹಿಡಿದು ಹತ್ತಿರದಲ್ಲೇ ನಿಂತಿದ್ದೆ. ತಾತ ನನ್ನ ಕಡೆ ತಿರುಗಿ, “ನೀನು ಒಂದೇ ಕೋಣೆಲಿದ್ದವ್ನಲ್ವಾ?” ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ದಿನದ ದಿನಚರಿಯಲ್ಲಿ ಇರುವುದು ಇಷ್ಟೇ: ‘ಸಗಣಿ. ಸ್ನಾನ ಎರಡು ಸಲ. ಮಾದೇವ ಅತ್ತ. ನಾನು ಎರಡು ಉಂಡೆ ಹೊಡೆದೆ.’

ತಾತ ಅವನನ್ನು ಚಾಮರಾಜನಗರದ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದರು. ಮಾತ್ರೆಯನ್ನು ಒಮ್ಮೆಗೇ ಬಿಡಿಸಬಾರದೆಂದು ಡಾಕ್ಟರು ಪ್ರಮಾಣವನ್ನು ಮೆಲ್ಲಗೆ ಇಳಿಸಿದರು. ಮಾದೇವ ಒಂದು ವರ್ಷ ತಡವಾಗಿ ಪಾಸಾದ. ಈಗ ಮೊಮ್ಮಕ್ಕಳ ಮೇಲೆ ಸಗಣಿ ಎಸೆಯುತ್ತಾನೆ, ಗುರಿಯೂ ಚೆನ್ನಾಗಿದೆ.

ನಾನು ಹಾಸ್ಟೆಲಿಗೆ ಮರಳಿದ ಸಂಜೆ ಸಾಲು ಎಂದಿನಂತೆ ನಿಂತಿತು. ಮೊದಲನೆಯವನು ಊದಲು ಬಾಯಿ ತೆರೆದ. ಬೇಡ ಎಂದು, ನಿದ್ದೆ ಬರುತ್ತದಾ ಎಂದು ಕೇಳಿದೆ. ಅವನು ಬಾಯಿ ತೆರೆದೇ ನಿಂತ. ಆಮೇಲೆ ಹೇಳತೊಡಗಿದ. ಮುಗಿಯಲು ಅರ್ಧ ಗಂಟೆ. ಎರಡನೆಯವನದು ಇನ್ನೂ ಉದ್ದ. ಅನ್ನ ಆರಿ ಕಲ್ಲಾಯಿತು. ಮೂರನೆಯ ದಿನ ವಾರ್ಡನ್, ಸಮಿತಿಯಿಂದ ಮೆಸ್ಸಿನ ಶಿಸ್ತು ಕೆಟ್ಟಿತೆಂದು ಅದನ್ನು ವಿಸರ್ಜಿಸಿದರು. ಹುಡುಗರು ಮಾತ್ರ ತಟ್ಟೆ ಹಿಡಿದು ನಮ್ಮ ಕೋಣೆಯ ಮುಂದೆ ಸಾಲು ನಿಲ್ಲುವುದನ್ನು ಬಿಡಲಿಲ್ಲ.

ಹೋದ ವಾರದ ಆ ಬಸ್ಸು ಘಟ್ಟದ ಮೊದಲನೆಯ ತಿರುವು ಹತ್ತಿತು. ಲವಂಗದ ಹುಡುಗ ಕಿಟಕಿಗೆ ತಲೆ ಕೊಟ್ಟು, ಕಣ್ಣು ತೆರೆದೇ ಇದ್ದ. ಮೂಗು ತನ್ನ ವರದಿಯನ್ನು ಮತ್ತೆ ಮುಂದಿಟ್ಟಿತು. ಅದನ್ನು ಕರವಸ್ತ್ರದಲ್ಲಿ ಒರೆಸಿ ಸುಮ್ಮನಾಗಿಸಿದೆ.

“ನಿದ್ದೆ ಬತ್ತದಾ ಮಗಾ?”

ಅವನು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ. ಎರಡು ತಿರುವು ಕಳೆದ ಮೇಲೆ, “ಯಾಕ್ ಕೇಳ್ತೀರಿ ತಾತ?” ಎಂದ.

ದಿಂಬಂ ಇನ್ನೂ ಮೇಲಿತ್ತು. ಚೀಲವನ್ನು ಕಾಲ ಕೆಳಗೆ ಸರಿಸಿ, ಅವನ ಕಡೆ ತಿರುಗಿ ಕೂತೆ.