ಮೈಕ್ ಸ್ಟ್ಯಾಂಡಿನ ಸುತ್ತ ನಡೆದ ಗುಡ್ಡಪ್ಪಜ್ಜ

ಇಲ್ಲ... ಇದು ಸುಳ್ಳಿರಬೇಕು...
ಮೊನ್ನೆ ಸೋಮವಾರ ಫೋನಿನಲ್ಲಿ ನನ್ನನ್ನು ಬೈದ ಮನುಷ್ಯ ಇವತ್ತು ಇಲ್ಲ ಅಂದರೆ ಹೇಗೆ ನಂಬಲಿ?

ಬೆಳಿಗ್ಗೆ ಏಳಕ್ಕೆ ಹಾವೇರಿಯ ಒಂದು ಕಲ್ಯಾಣ ಮಂಟಪದಲ್ಲಿ ಸ್ಪೀಕರ್ ಬಾಕ್ಸ್ ಇಳಿಸುತ್ತಿದ್ದೆ.
ದೇವರಗುಡ್ಡದಿಂದ ಫೋನ್.
"ಗುಡ್ಡಪ್ಪಜ್ಜ ಹ್ವಾದ್ರಿ..."
ಅಷ್ಟೇ.
ಕೈಯಲ್ಲಿದ್ದ ವೈರ್ ಅಲ್ಲೇ ಬಿಟ್ಟು ಹೊರಟೆ.

ಗುಡ್ಡಪ್ಪಜ್ಜ ನಮ್ಮ ಸೀಮೆಯ ಹಂತಿ ಪದಗಳ ಹಾಡುಗಾರ...
ಗೊತ್ತಿಲ್ಲದ ಗೆಳೆಯರಿಗೆ ಹೇಳುತ್ತೇನೆ.
ಕಣದ ನಡುವೆ ಒಂದು ಕಂಬ, ಅದು ಮೇಟಿ.
ಮೇಟಿಗೆ ಸಾಲಾಗಿ ಕಟ್ಟಿದ ಎತ್ತುಗಳು ತೆನೆ ತುಳಿಯುತ್ತ ಸುತ್ತು ಹಾಕುವಾಗ, ಅವುಗಳ ಹಿಂದೆ ನಡೆಯುತ್ತ ಹಾಡುವುದೇ ಹಂತಿ ಪದ.
ಮುಂದಿನವನು ಸೊಲ್ಲು ಎತ್ತಬೇಕು... ಹಿಂದಿನವನು ಅದರ ಕೊನೆ ಹಿಡಿದು ಎಳೆಯಬೇಕು.
ಈಗ ಆ ಎತ್ತುಗಳೂ ಇಲ್ಲ, ಮೇಟಿಯೂ ಇಲ್ಲ. ತೆನೆ ಒಕ್ಕುವ ರಾಶಿ ಮಷಿನ್ ಬಂದರೆ ಒಪ್ಪತ್ತಿನಲ್ಲಿ ಕೆಲಸ ಮುಗಿಯುತ್ತದೆ.

ರಾಣೆಬೆನ್ನೂರಿನಲ್ಲಿ ನನ್ನದು ಸೌಂಡ್ ಸಿಸ್ಟಮ್ ಅಂಗಡಿ.
ಮೈಕ್ ಹಾಕುವವನೂ ನಾನೇ, ಆ್ಯಂಕರಿಂಗ್ ಮಾಡುವವನೂ ನಾನೇ...
ಅಜ್ಜನನ್ನು ಮೊದಲು ಕಂಡಿದ್ದು ಬ್ಯಾಡಗಿಯ ಒಂದು ಕಾರ್ಯಕ್ರಮದಲ್ಲಿ.
ಸ್ಟೇಜಿನ ಮುಂದೆ ಮೈಕ್ ನಿಲ್ಲಿಸಿದ್ದೆ. ಅಜ್ಜ ಅದನ್ನು ಬಿಟ್ಟು ಸ್ಟೇಜ್ ತುಂಬ ಸುತ್ತುತ್ತ ಹಾಡತೊಡಗಿದರು.
ಹತ್ತಿರ ಬಂದಾಗ ದನಿ, ದೂರ ಹೋದಾಗ ಬರೀ ಬಾಯಿ...
ಜನ ನಗತೊಡಗಿದರು. ನಾನು ಓಡಿಹೋಗಿ ಭುಜ ಹಿಡಿದೆ.
"ಅಜ್ಜಾರ, ಒಂದ ಕಡೆ ನಿಂತು ಹಾಡ್ರಿ."
ಪಾಪ, ನಿಂತರು.
ಎರಡು ಸೊಲ್ಲಿಗೆ ಪದ ಮರೆತುಹೋಯಿತು. ಮತ್ತೆ ಶುರು ಮಾಡಿದರು, ಮತ್ತೆ ಮರೆತರು.
ಕೊನೆಗೆ ಮೈಕಿನಲ್ಲೇ ಕೇಳಿದರು,
"ತಮ್ಮಾ, ಎತ್ತು ನಿಂತ್ರ ಪದ ಎಲ್ಲಿಂದ ಬರಬೇಕೋ?"
ಈ ಸಲ ಜನ ನಕ್ಕಿದ್ದು ನನಗೆ!

ಆಮೇಲೆ ಅಜ್ಜ ಮಾಡಿದ್ದು ನೋಡಿ...
ಮೈಕ್ ಸ್ಟ್ಯಾಂಡನ್ನು ತಾವೇ ಎಳೆದು ತಂದು ಸ್ಟೇಜಿನ ನಟ್ಟನಡುವೆ ನಿಲ್ಲಿಸಿದರು.
"ಇದ ನಮ್ಮ ಮೇಟಿ. ನೀ ಹಿಂದ ಬಾ, ಕೊನಿ ಹಿಡಿ."
ನಾನು ಮೈಕನ್ನು ಮೇಲ್ಮುಖ ಮಾಡಿ ಅವರ ಹಿಂದೆ ನಡೆದೆ.
ಅಂದಿನಿಂದ ಎಲ್ಲ ಸ್ಟೇಜಿನಲ್ಲೂ ಅವರು ಮುಂದೆ, ನಾನು ಹಿಂದೆ.
ಸೊಲ್ಲಿನ ಕೊನೆಗಳಷ್ಟೇ ನನಗೆ ಬಾಯಿಪಾಠ ಆದವು...

ಒಮ್ಮೆ ಹಾವೇರಿಯಲ್ಲಿ ಭಾರೀ ಜೋರಿನಲ್ಲಿ ಅನೌನ್ಸ್ ಮಾಡಿದ್ದೆ.
"ಮಷಿನ್ ಬಂದು ಕೊಂದ ಕಲೆಯ ಕೊನೆಯ ಕೊಂಡಿ" ಅಂತ.
ಅಜ್ಜ ಸ್ಟೇಜ್ ಇಳಿದವರೇ ತರಾಟೆಗೆ ತೆಗೆದುಕೊಂಡರು.
"ನಾ ಇನ್ನೂ ಗಟ್ಟಿ ನಿಂತೇನಿ, ನನ್ನ ಮುಂದನ ನನ್ನ ಪದದ ತಿಥಿ ಮಾಡ್ತಿಯಲ್ಲೋ! ನಿನಗ ಎಷ್ಟ ಪದ ಬರ್ತಾವ ಹೇಳು ನೋಡೂಣು?"
ನಾನು ಹಲ್ಲು ಕಿಸಿದು ವೈರ್ ಸುತ್ತತೊಡಗಿದೆ.

ಅಜ್ಜಾರ...
ಮೊನ್ನೆ ಫೋನಿನಲ್ಲೂ ಅದನ್ನೇ ಕೇಳಿದಿರಿ.
"ಬಾಯಿ ತುಂಬ ಹೊಗಳ್ತಿ, ಬಾಯಾಗ ಒಂದ ಪದ ಪೂರ್ತಿ ಇಲ್ಲ. ಐತಾರ ಬಾ, ಮೊದಲಿಂದ ಹೇಳಿಕೊಡ್ತೇನಿ."
"ಸೀಸನ್ ಐತ್ರಿ ಅಜ್ಜಾರ, ಬುಕಿಂಗ್ ಮುಗೀಲಿ" ಅಂದೆ.
ಎಷ್ಟು ವರ್ಷದಿಂದ ಇದೇ ಮಾತು ಹೇಳುತ್ತಿದ್ದೆ ನಾನು...
ತಪ್ಪಾಯಿತು ಅಜ್ಜಾರ. ಎಂದೋ ಬರಬೇಕಿತ್ತು.

ಇವತ್ತು ನಿಮ್ಮನ್ನು ಅಂಗಳದ ನಡುವೆ ಕೂಡಿಸಿದ್ದರು.
ಎಂದಿನ ರೂಢಿಯಂತೆ ನಾನು ಗಾಡಿಯಲ್ಲಿ ಉಳಿದಿದ್ದ ಬಾಕ್ಸ್ ಇಟ್ಟು, ಪೆನ್‌ಡ್ರೈವ್ ಹಾಕಿ ಭಜನೆ ಹಚ್ಚಿದೆ.
ಪಕ್ಕ ಕುಳಿತಿದ್ದ ನಿಮ್ಮ ಹೆಂಡತಿ ನೀಲವ್ವಜ್ಜಿ ತಲೆ ಎತ್ತಿದರು.
"ಅದನ್ನ ಬಂದ್ ಮಾಡೋ ತಮ್ಮಾ. ನನ್ನ ಕಳಸುವಾಗ ನನ್ನ ಪದಾನ ಆಗಬೇಕು ಅಂದಿದ್ರು ಅವರು. ನೀನ ಹಾಡು... ಎಲ್ಲಾ ಕಡೆ ಅವರ ಹಿಂದ ನೀನ ಇರ್ತಿದ್ಯಲ್ಲ."

ಬಂದ್ ಮಾಡಿದೆ.
ಬಾಯಿ ತೆರೆದೆ...
ಒಂದು ಸೊಲ್ಲಿನ ಕೊನೆ ಬಂತು. ಯಾವ ಪದದ ಕೊನೆ ಅಂತ ಗೊತ್ತಾಗಲಿಲ್ಲ.
ಅಂಗಳದ ಜನವೆಲ್ಲ ನನ್ನನ್ನೇ ನೋಡುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಬೇವಿನ ಗಿಡದ ಬುಡದಿಂದ ಒಬ್ಬ ಎದ್ದು ಬಂದ.
ಬಸವರಾಜ... ಊರಿನ ರಾಶಿ ಮಷಿನ್ ಓಡಿಸುವವನು.
ಚಪ್ಪಲಿ ಬಿಟ್ಟ. "ಸ್ವಲ್ಪ ಸರೀರಿ" ಅಂದ.
ನಿಮ್ಮ ಸುತ್ತ ನಡೆಯುತ್ತ ಮೊದಲ ಸೊಲ್ಲು ಎತ್ತಿದ.
ಮಷಿನ್ ಸದ್ದಿನ ಮೇಲೆ ಕೂಗಿ ಕೂಗಿ ಗಟ್ಟಿಯಾದ ದನಿ. ಮೈಕ್ ಬೇಕಾಗಲಿಲ್ಲ.
ಒಂದು ಸುತ್ತು... ಎರಡು... ಮೂರು...
ಒಂದು ಸೊಲ್ಲೂ ತಪ್ಪಲಿಲ್ಲ.
ನಾನು ಹಿಂದೆ ನಡೆಯುತ್ತ ಕೊನೆ ಹಿಡಿದೆ. ಕಣ್ಣು ಕಾಣುತ್ತಿರಲಿಲ್ಲ. ನನ್ನ ಹಿಂದೆ ಇನ್ನೂ ನಾಲ್ಕಾರು ಮಂದಿ ಸೇರಿದರು.

ಎಲ್ಲ ಮುಗಿದ ಮೇಲೆ ಕೇಳಿದೆ, "ನಿನಗ ಹೆಂಗ ಬರ್ತತಿ ಮಾರಾಯಾ?"
"ಪ್ರತಿ ವರ್ಷ ಅವರ ಕಣಕ್ಕ ಮಷಿನ್ ಒಯ್ತಿದ್ನೆಲ್ರಿ... ಅಜ್ಜ ಮಷಿನ್ ಸುತ್ತನ ತಿರುಗಿ ಹಾಡಾವ್ರು. ಕೊನಿ ಹಿಡಿಯಾಕ ಯಾರೂ ಇರ್ತಿರಲಿಲ್ಲ. ನಾನ ಹಿಡೀತಿದ್ದೆ. ಆಮ್ಯಾಲ ಪೂರಾ ಪದಾನ ಬಂತು."

ಪದಗಳು ಕಡಿಮೆಯಾಗಿರುವುದು ಖರೆ. ಅದನ್ನು ಅಲ್ಲಗಳೆಯುವುದಿಲ್ಲ.
ಆದರೆ ಇಷ್ಟು ವರ್ಷ ಮೈಕ್ ಹಿಡಿದು ಸತ್ತಿತು, ಸತ್ತಿತು ಎಂದು ಕೂಗಿದ ನಾನು ಒಂದನ್ನೂ ಕಲಿಯಲಿಲ್ಲ...
ಕೊಂದದ್ದು ಎಂದು ಯಾವ ಮಷಿನ್ ಮೇಲೆ ತಪ್ಪು ಹಾಕಿದ್ದೆನೋ, ಅದನ್ನು ಓಡಿಸುವವನು ಕಲಿತಿದ್ದ.

ಈ ಐತಾರದ ಬುಕಿಂಗ್ ಬೇರೆಯವರಿಗೆ ಕೊಟ್ಟೆ.
ಬಸವರಾಜನ ಮನೆಗೆ ಹೋಗುತ್ತೇನೆ, ಮೊದಲ ಸೊಲ್ಲಿನಿಂದ ಕಲಿಯಲು.

ನಿಮ್ಮ ಜೀವ ತಣ್ಣಗಿರಲಿ ಅಜ್ಜಾರ...
ಭಾಳ ನಡದೀರಿ. ಇನ್ನ ಕುಂದ್ರಿ...
ನಾವು ನಡೀತೇವಿ.
🙏